ಕುಲುಮೆ ಆರಿದ ಮೇಲೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ನೀವು ಬಿ.ಇ. ಮಾಡಿದವರು, ಸಾಫ್ಟ್‌ವೇರಿನಲ್ಲಿರುವವರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳಿ" ಎಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ನೆನಪಿಗೆ ಬಂದದ್ದು ಕಂಪ್ಯೂಟರ್ ಅಲ್ಲ. ನಮ್ಮ ಶಾಲೆಯ ಹಿಂದಿನ ಕಾಂಪೌಂಡಿನ ಆಚೆ, ಹುಣಸೇಮರದ ಕೆಳಗೆ ಇದ್ದ ಕುಲುಮೆ. ಅದರ ಬಗ್ಗೆಯೇ ಮಾತಾಡುತ್ತೇನೆ. ಕಂಪ್ಯೂಟರ್ ವಿಷಯವೂ ಬರುತ್ತದೆ, ಆದರೆ ಸ್ವಲ್ಪ ತಡವಾಗಿ. ಸಮಿತಿಯವರು ಕ್ಷಮಿಸಬೇಕು.

ನನ್ನ ಕಾಲದಲ್ಲಿ ಓದಿದವರಿಗೆ ಆ ಶಬ್ದ ನೆನಪಿರುತ್ತದೆ. ಬೆಳಗಿನ ಎರಡನೇ ಪೀರಿಯಡ್ಡಿಗೆ ಶುರುವಾಗುತ್ತಿತ್ತು. ದೊಡ್ಡ ಚಮ್ಮಟಿಗೆಯ ಒಂದು ಏಟು, ಅದರ ಬೆನ್ನಿಗೇ ಸಣ್ಣ ಸುತ್ತಿಗೆಯ ಎರಡು ಏಟು. ಗಣಿತದ ಮೇಷ್ಟ್ರು ಕಿಟಕಿ ಮುಚ್ಚಿಸುತ್ತಿದ್ದರು. ನಾವು ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಕಾಂಪೌಂಡಿನ ಮುರುಕಿನಿಂದ ನುಸುಳಿ ಅಲ್ಲಿಗೆ ಹೋಗುತ್ತಿದ್ದೆವು. ಕುಲುಮೆಯ ಆಚಾರ್ರು ನಮ್ಮನ್ನು ಬೈಯುತ್ತಿರಲಿಲ್ಲ, ತಿದಿ ಎಳೆಯಲು ಹಚ್ಚುತ್ತಿದ್ದರು.

ಅವರ ಮಗ ನನ್ನ ಜೊತೆಗೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ. ಪ್ರತಿ ವರ್ಷ ಶಾಲೆ ತೆರೆದ ಮೇಲೆ ಹದಿನೈದು ಇಪ್ಪತ್ತು ದಿನ ಅವನು ಬರುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಮುಂಗಾರು ಬೀಳುವ ಹೊತ್ತಿಗೆ ಊರಿನ ಪ್ರತಿ ನೇಗಿಲಿನ ಗುಳವೂ ಕುಲುಮೆಗೆ ಬರಬೇಕು. ಉತ್ತು ಉತ್ತು ಮೊಂಡಾದ ತುದಿಯನ್ನು ಕಾಯಿಸಿ ತಟ್ಟಿ ಚೂಪು ಮಾಡಬೇಕು. ಕುಂಟೆಯ ತಾಳು, ಕಳೆಕೊಕ್ಕೆ, ಗುದ್ದಲಿ, ಎಲ್ಲಕ್ಕೂ ಅದೇ ಕಾಲ. ಸುಗ್ಗಿ ಬಂದರೆ ಕುಡುಗೋಲಿಗೆ ಕಕ್ಕು ಹಾಕುವ ಕೆಲಸ. ಇದಕ್ಕೆಲ್ಲ ಹಣ ಕೊಡುತ್ತಿದ್ದವರು ಕಡಿಮೆ. ಕಣದಲ್ಲಿ ರಾಗಿ ತೂರಿದ ಮೇಲೆ ಮೊರದಲ್ಲಿ ಇಷ್ಟು ಎಂದು ಆಯ ಕೊಡುವುದು ಹಳೆಯ ಪದ್ಧತಿ. ನನ್ನ ಬಾಲ್ಯದಲ್ಲಿ ಅದು ಕೊನೆಯ ಉಸಿರು ಎಳೆಯುತ್ತಿತ್ತು.

ಆ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಮಳೆ ಕೈಕೊಟ್ಟ ವರ್ಷ ರೈತನ ಕಣ ಬರಿದಾದರೆ ಆಚಾರ್ರ ಮನೆಯ ಮಡಕೆಯೂ ಬರಿದಾಗುತ್ತಿತ್ತು. ನನ್ನ ಗೆಳೆಯನ ಒಂದು ಅಂಗಿಯೂ ಕಿಡಿ ಬಿದ್ದು ತೂತಾಗದೆ ಉಳಿದಿರಲಿಲ್ಲ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಕಳೆದುಕೊಂಡ. ಅದಕ್ಕೆ ಅವನ ಬುದ್ಧಿ ಕಾರಣವಲ್ಲ, ಆ ಹದಿನೈದು ಇಪ್ಪತ್ತು ದಿನಗಳು ಕಾರಣ. ಯಾವ ಮಗುವೂ ಶಾಲೆ ಬಿಟ್ಟು ತಿದಿ ಎಳೆಯುವುದು ಬೇಡ. ಇದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ.

ಆದರೆ ಆ ಕುಲುಮೆಯಲ್ಲಿ ಒಂದು ವಿದ್ಯೆ ಇತ್ತು. ಅದೇನೆಂದು ನನಗೆ ಅರ್ಥವಾದದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ನಾನು ಓದಿದ್ದು ಮೆಕ್ಯಾನಿಕಲ್. ಎರಡನೇ ವರ್ಷದಲ್ಲಿ ಲೋಹಶಾಸ್ತ್ರದ ಪಾಠವಿತ್ತು. ಪ್ರಾಧ್ಯಾಪಕರು ಬೋರ್ಡಿನ ಮೇಲೆ ಕಬ್ಬಿಣ ಮತ್ತು ಇಂಗಾಲದ ನಕ್ಷೆ ಬರೆದು ವಿವರಿಸುತ್ತಿದ್ದಾಗ, ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ನೋಡಿದ್ದು ಹುಣಸೇಮರದ ಕೆಳಗೆ.

ಮಕ್ಕಳೇ, ಆಚಾರ್ರು ಮಚ್ಚು ಮಾಡುತ್ತಿದ್ದ ರೀತಿಯನ್ನು ಹೇಳುತ್ತೇನೆ, ಕೇಳಿ. ಅವರು ಯಾವ ಕಬ್ಬಿಣವನ್ನಾದರೂ ಮುಟ್ಟುತ್ತಿರಲಿಲ್ಲ. ಮಚ್ಚಿಗೆ, ಕೊಡಲಿಗೆ ಲಾರಿಯ ಹಳೆಯ ಕಮಾನುಪಟ್ಟಿಯೇ ಆಗಬೇಕು. ಏಕೆಂದರೆ ಅದರಲ್ಲಿ ಇಂಗಾಲದ ಪ್ರಮಾಣ ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು. ಕಿಟಕಿಯ ಸರಳಿಗೆ ಬಳಸುವ ಮೆದು ಕಬ್ಬಿಣದಲ್ಲಿ ಅದರ ಅರ್ಧದಷ್ಟೂ ಇರುವುದಿಲ್ಲ. ಇಂಗಾಲ ಸಾಕಷ್ಟಿಲ್ಲದ ಕಬ್ಬಿಣವನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಗಡುಸಾಗುವುದಿಲ್ಲ. ಅವರಿಗೆ ಇಂಗಾಲ ಎಂಬ ಪದ ಗೊತ್ತಿರಲಿಲ್ಲ. ತುಂಡನ್ನು ಸಾಣೆಕಲ್ಲಿಗೆ ತಾಗಿಸಿ, ಹಾರುವ ಕಿಡಿ ನೋಡಿ ಹೇಳುತ್ತಿದ್ದರು. ಕಿಡಿ ಕವಲು ಕವಲಾಗಿ ಒಡೆದರೆ ಒಳ್ಳೆಯ ಉಕ್ಕು, ಉದ್ದಕ್ಕೆ ಎಳೆಯಾಗಿ ಹೋದರೆ ಮೆದು ಕಬ್ಬಿಣ. ಇದೇ ಪರೀಕ್ಷೆಯನ್ನು ನನಗೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕಲಿಸಿದರು.

ಕುಲುಮೆಯ ಒಳಗೆ ಯಾವಾಗಲೂ ಮಬ್ಬುಗತ್ತಲೆ. ಬಡತನಕ್ಕೆ ಕಿಟಕಿ ಇಟ್ಟಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ, ಕತ್ತಲಲ್ಲಿ ನಿಜ ಹೇಳುತ್ತದೆ. ಸುಮಾರು 800 ಡಿಗ್ರಿ ದಾಟಿದ ಕೆಂಪು ಯಾವುದು, ಅದನ್ನು ಮೀರಿ ಹಳದಿಗೆ ಹೋಗಿ ಕೆಟ್ಟ ಕೆಂಪು ಯಾವುದು ಎಂಬುದಕ್ಕೆ ಅವರ ಬಳಿ ಇದ್ದದ್ದು ಆ ಕತ್ತಲೆ ಮತ್ತು ಎರಡು ಕಣ್ಣು.

ಕೊನೆಯ ಕೆಲಸ ನೀರು ಕುಡಿಸುವುದು. ಕಾದ ಮಚ್ಚಿನ ಬಾಯನ್ನು ಮಾತ್ರ ನೀರಿನ ಕಲ್ಲುಬಾನಿಗೆ ಅದ್ದುತ್ತಿದ್ದರು. ಥಟ್ಟನೆ ತಣ್ಣಗಾದ ಬಾಯಿ ಗಾಜಿನ ಹಾಗೆ ಗಡುಸಾಗುತ್ತದೆ. ಹಾಗೇ ಬಿಟ್ಟರೆ ಮೊದಲ ತೆಂಗಿನಕಾಯಿಗೇ ಚಕ್ಕೆ ಏಳುತ್ತದೆ. ಆದ್ದರಿಂದ ಕೂಡಲೇ ಹೊರತೆಗೆದು, ಬಾಯಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಮೊಣಕಾಲೂರಿ ನೋಡುತ್ತಾ ಕೂರುತ್ತಿದ್ದರು. ಬೆನ್ನಿನ ಕಡೆ ಉಳಿದಿರುವ ಕಾವು ನಿಧಾನವಾಗಿ ಬಾಯಿಯ ಕಡೆ ಹರಿಯುತ್ತದೆ. ಆಗ ಉಜ್ಜಿದ ಜಾಗದಲ್ಲಿ ಬಣ್ಣಗಳು ಓಡುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿ ಎಂದರೆ 220 ಡಿಗ್ರಿಯ ಆಸುಪಾಸು, ನೀಲಿ ಎಂದರೆ 300ರ ಆಸುಪಾಸು. ಉಳಿಗೆ ಹಳದಿಯಲ್ಲೇ ನಿಲ್ಲಿಸಬೇಕು, ಕೊಡಲಿಗೆ ನೇರಳೆ ದಾಟಬೇಕು. ಬೇಕಾದ ಬಣ್ಣ ಬಾಯಿಗೆ ಬಂದ ಗಳಿಗೆಯಲ್ಲಿ ಇಡೀ ಮಚ್ಚನ್ನು ನೀರಿಗೆ ಮುಳುಗಿಸುತ್ತಿದ್ದರು. ಒಂದೆರಡು ಕ್ಷಣ ತಡವಾದರೆ ಮತ್ತೆ ಮೊದಲಿಂದ. ಈ ಹೊತ್ತಿನಲ್ಲಿ ನಾವು ಮಾತಾಡಿದರೆ ಮಾತ್ರ ಬೈಗುಳ ಬೀಳುತ್ತಿತ್ತು. ಇದಕ್ಕೆ ಅವರು ಇಟ್ಟ ಹೆಸರು ಹದ. ಮಣ್ಣಿಗೆ ಹದ, ಪಾಕಕ್ಕೆ ಹದ ಎನ್ನುತ್ತೇವಲ್ಲ, ಅದೇ ಪದ.

ಈ ವಿದ್ಯೆ ಒಂದು ಊರಿನದಲ್ಲ. ಇಂಗ್ಲಿಷಿನಲ್ಲಿ ದಕ್ಷಿಣ ಭಾರತದ ಹಳೆಯ ಉಕ್ಕಿಗೆ 'ವೂಟ್ಜ್' ಎಂಬ ಹೆಸರಿದೆ. ಅದು ನಮ್ಮ 'ಉಕ್ಕು' ಎಂಬ ಪದದಿಂದಲೇ ಹೋದದ್ದು ಎಂದು ವಿದ್ವಾಂಸರು ಹೇಳುತ್ತಾರೆ. 1790ರ ದಶಕದಲ್ಲಿ ಈ ಉಕ್ಕಿನ ತುಂಡುಗಳು ಲಂಡನ್ನಿಗೆ ಹೋದವು, ಅಲ್ಲಿನ ವಿಜ್ಞಾನಿಗಳು ಒಡೆದು, ಕಾಯಿಸಿ ಪರೀಕ್ಷೆ ಮಾಡಿದರು. 1819ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದವರಲ್ಲಿ ಒಬ್ಬರು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠಗಳಲ್ಲಿ ಹೆಸರು ಬರುವ ಅದೇ ಫ್ಯಾರಡೆ. ಅವರ ತಂದೆ ಒಬ್ಬ ಕಮ್ಮಾರ ಎಂಬುದನ್ನು ನೆನಪಿಡಿ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಮಾಡುತ್ತಿದ್ದ ಉಕ್ಕಿನ ತಂತಿಯನ್ನೂ ದಾಖಲಿಸಿದ್ದಾನೆ.

ಮುಂದೆ ಇಂಗ್ಲೆಂಡಿನ ಕಾರ್ಖಾನೆಯ ಕಬ್ಬಿಣ ಅಗ್ಗವಾಗಿ ಬಂದಿತು, ಇದ್ದಿಲಿಗೆ ಕಾಡು ಸಿಗದಾಯಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಅದಿರು ಕರಗಿಸುವ ಕುಲುಮೆಗಳು ಬಹುಮಟ್ಟಿಗೆ ಆರಿಹೋದವು. ಅಂದರೆ ನಮ್ಮ ಕಮ್ಮಾರ ಮೊದಲು ಕಬ್ಬಿಣ ಮಾಡುವುದನ್ನು ಕಳೆದುಕೊಂಡ, ಹತಾರ ಮಾಡುವುದನ್ನು ಮಾತ್ರ ಉಳಿಸಿಕೊಂಡ. 1923ರಲ್ಲಿ ಭದ್ರಾವತಿಯಲ್ಲಿ ಕಾರ್ಖಾನೆ ಶುರುವಾದಾಗ ನಾಡಿಗೆ ಮತ್ತೆ ತನ್ನದೇ ಕಬ್ಬಿಣ ಬಂತು. 1920ರ ದಶಕದಲ್ಲೇ ಜಮ್‌ಶೆಡ್‌ಪುರದ ಟಾಟಾದವರು ಅಗ್ರಿಕೋ ಹೆಸರಿನಲ್ಲಿ ಗುದ್ದಲಿ, ಪಿಕಾಸಿ ಮಾಡಲಾರಂಭಿಸಿದರು. ಆದರೂ ಕುಲುಮೆ ಉಳಿಯಿತು. ಕಾರ್ಖಾನೆಯ ಗುದ್ದಲಿಯೂ ಸವೆಯುತ್ತದೆ. ಸವೆದಾಗ ಅದು ಜಮ್‌ಶೆಡ್‌ಪುರಕ್ಕೆ ಹೋಗುವುದಿಲ್ಲ, ಹುಣಸೇಮರದ ಕೆಳಗೆ ಬರುತ್ತದೆ.

ಎರಡನೇ ಪೆಟ್ಟು ನಮ್ಮ ಕಣ್ಣೆದುರೇ ಬಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಮರದ ನೇಗಿಲು ಅಟ್ಟಕ್ಕೆ ಹೋಯಿತು, ಗುಳ ತಟ್ಟುವ ಕೆಲಸ ನಿಂತಿತು. ಕುಲುಮೆಗೆ ವರ್ಷಪೂರ್ತಿ ಅನ್ನ ಹಾಕುತ್ತಿದ್ದದ್ದು ಹೊಸ ಮಚ್ಚಲ್ಲ, ಈ ರಿಪೇರಿ ಕೆಲಸ. ಕೊಯ್ಲಿಗೆ ಯಂತ್ರ ಬಂತು, ಕುಡುಗೋಲಿನ ಸಂಖ್ಯೆ ಇಳಿಯಿತು. ಇದ್ದಿಲು ದುಬಾರಿಯಾಯಿತು. ಚಮ್ಮಟಿಗೆ ಹೊಡೆಯಲು ಆಳು ಸಿಗಲಿಲ್ಲ. ಸಂತೆಯಲ್ಲಿ ತಗಡು ಒತ್ತಿ ಮಾಡಿದ, ಬಣ್ಣ ಬಳಿದ ಗುದ್ದಲಿ ಅರ್ಧ ಬೆಲೆಗೆ ಬಂತು. ಒಂದೊಂದೂ ಸಣ್ಣ ಕಾರಣವೇ. ಎಲ್ಲ ಸೇರಿ ಕುಲುಮೆ ಆರಿತು.

ಇದು ಹಳ್ಳಿಯ ಕಥೆ ಮಾತ್ರವಲ್ಲ. ದೇಶದಲ್ಲಿ ಕೈಹತಾರಗಳ ದೊಡ್ಡ ನೆಲೆಗಳು ಪಂಜಾಬಿನ ಜಲಂಧರ್, ಲುಧಿಯಾನ, ರಾಜಸ್ಥಾನದ ನಾಗೌರ್. ಅಲ್ಲಿನ ಸ್ಪ್ಯಾನರು, ಇಕ್ಕಳ, ಸುತ್ತಿಗೆಗಳು ಈಗಲೂ ಹೊರದೇಶಗಳಿಗೆ ಹೋಗುತ್ತವೆ. ಆದರೆ 2025ರ ಏಪ್ರಿಲ್‌ನಲ್ಲಿ ನೀತಿ ಆಯೋಗ ಹೊರತಂದ ವರದಿ ನೋಡಿದರೆ ನಮ್ಮ ಪಾಲು ತಿಳಿಯುತ್ತದೆ. ಜಗತ್ತಿನ ಕೈಹತಾರಗಳ ವ್ಯಾಪಾರ ಸುಮಾರು 3,400 ಕೋಟಿ ಡಾಲರ್. ಅದರಲ್ಲಿ ಭಾರತದ ರಫ್ತು ಸುಮಾರು 60 ಕೋಟಿ ಡಾಲರ್, ಶೇಕಡ 1.8. ಸಿಂಹಪಾಲು ಚೀನಾದ್ದು. ಅವರಿಗಿಂತ ನಮ್ಮ ತಯಾರಿಕೆಯ ವೆಚ್ಚ ಶೇಕಡ 14ರಿಂದ 17ರಷ್ಟು ಹೆಚ್ಚು ಎಂದು ಅದೇ ವರದಿ ಹೇಳುತ್ತದೆ. ಉಕ್ಕಿನ ಬೆಲೆ, ಬಡ್ಡಿ, ಸಾಗಣೆ, ಒಬ್ಬ ಕೆಲಸಗಾರ ದಿನಕ್ಕೆ ಮಾಡುವ ಮಾಲಿನ ಪ್ರಮಾಣ, ಇವೆಲ್ಲ ಆ ಅಂತರದಲ್ಲಿ ಸೇರಿವೆ. ಜಗತ್ತಿಗೇ ಉಕ್ಕು ಎಂಬ ಪದ ಕೊಟ್ಟ ನಾಡು ನೂರರಲ್ಲಿ ಎರಡು ಪಾಲಿಗೂ ಮುಟ್ಟಿಲ್ಲ.

ಇನ್ನೊಂದು ಉದಾಹರಣೆ ಅಮೆರಿಕದ್ದು. ಅಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹತಾರಗಳ ಹೆಸರು 1927ರಿಂದ ಮನೆಮಾತು. ಮುರಿದ ಸ್ಪ್ಯಾನರನ್ನು ಅಂಗಡಿಗೆ ತಂದರೆ ಪ್ರಶ್ನೆ ಕೇಳದೆ ಹೊಸದು ಕೊಡುತ್ತಿದ್ದ ಕಾಲವಿತ್ತು. ಕ್ರಮೇಣ ಅದರ ತಯಾರಿಕೆ ಬಹುಪಾಲು ಹೊರದೇಶಗಳಿಗೆ ಹೋಯಿತು. ಆ ಹೆಸರನ್ನು ಕೊಂಡ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ತಯಾರಿಕೆಯನ್ನು ಮತ್ತೆ ತಾಯ್ನಾಡಿಗೆ ತರುತ್ತೇವೆ ಎಂದು 2019ರಲ್ಲಿ ಘೋಷಿಸಿ, ಟೆಕ್ಸಾಸಿನ ಫೋರ್ಟ್ ವರ್ತ್ ನಗರದಲ್ಲಿ ಸುಮಾರು 9 ಕೋಟಿ ಡಾಲರ್ ವೆಚ್ಚದ ಕಾರ್ಖಾನೆ ಕಟ್ಟಿತು. ರೋಬಾಟುಗಳು, ಹೊಸ ಸ್ವಯಂಚಾಲಿತ ಯಂತ್ರಗಳು, ಎಲ್ಲ ಇದ್ದವು. ಆದರೆ ಯಂತ್ರಗಳು ಅಂದುಕೊಂಡ ಹಾಗೆ ಮಾಲು ಕೊಡಲಿಲ್ಲ. 2023ರಲ್ಲಿ ಆ ಕಾರ್ಖಾನೆಯನ್ನು ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಯೋಚಿಸಿದೆ. ಒಮ್ಮೆ ಕೈಬಿಟ್ಟ ಕೆಲಸ ಹಣ ಸುರಿದ ಮಾತ್ರಕ್ಕೆ ಹಿಂದಿರುಗಿ ಬರುವುದಿಲ್ಲ. ಅದು ಮಾಡುತ್ತಿದ್ದವರ ಕೈಯಲ್ಲಿ, ಅವರ ಪಕ್ಕದಲ್ಲಿ ನಿಂತು ಕಲಿತವರ ಕೈಯಲ್ಲಿ ಇರುತ್ತದೆ.

ಈಗ ಕಂಪ್ಯೂಟರ್ ವಿಷಯ. ನನ್ನ ವೃತ್ತಿಯ ಮೊದಲ ನಾಲ್ಕು ವರ್ಷ ನಾನು ಮಾಡಿದ್ದು ದೊಡ್ಡ ಅಂಗಡಿಗಳಿಗೆ ಸಾಮಾನು ಕೊಳ್ಳಲು ನೆರವಾಗುವ ತಂತ್ರಾಂಶ. ಅಂಗಡಿಯವರಿಗೆ ಹತ್ತು ಸಾವಿರ ಸುತ್ತಿಗೆ ಬೇಕೆಂದುಕೊಳ್ಳಿ. ಬೇರೆ ಬೇರೆ ದೇಶಗಳ ಮಾರಾಟಗಾರರ ಪಟ್ಟಿ ಪರದೆಯ ಮೇಲೆ ಬರುತ್ತದೆ. ಬೆಲೆ, ತೂಕ, ಎಷ್ಟು ದಿನದಲ್ಲಿ ಬರುತ್ತದೆ, ಪೆಟ್ಟಿಗೆಯ ಅಳತೆ, ಒಂದೊಂದಕ್ಕೂ ಒಂದು ಕಾಲಮ್. ಒಂದು ಗುಂಡಿ ಒತ್ತಿದರೆ ಕಡಿಮೆ ಬೆಲೆಯದು ಮೇಲಕ್ಕೆ ಬರುತ್ತದೆ. ಆ ಗುಂಡಿಯ ಹಿಂದಿನ ಪ್ರೋಗ್ರಾಮ್ ಬರೆದ ತಂಡದಲ್ಲಿ ನಾನಿದ್ದೆ. ಚೆನ್ನಾಗಿ ಮಾಡಿದ್ದೇನೆಂದು ಬಡ್ತಿಯೂ ಸಿಕ್ಕಿತು.

ಆ ಕಾಲದಲ್ಲೇ ಒಮ್ಮೆ ಊರಿಗೆ ಬರುವಾಗ ಅಪ್ಪನಿಗೆಂದು ಒಂದು ಮಚ್ಚನ್ನು ಆನ್‌ಲೈನಿನಲ್ಲಿ ತರಿಸಿದೆ. ನೋಡಲು ಬಹಳ ಚಂದ. ಆಚಾರ್ರು ಕೇಳುತ್ತಿದ್ದ ಬೆಲೆಗಿಂತ ನೂರೈವತ್ತು ರೂಪಾಯಿ ಕಡಿಮೆ. ಎರಡನೇ ದಿನ ಎಳನೀರು ಕೊಚ್ಚುವಾಗ ಅದರ ಬಾಯಿ ಮಡಚಿಕೊಂಡಿತು. ಅಪ್ಪ ಏನೂ ಅನ್ನಲಿಲ್ಲ. "ಆಚಾರ್ರ ಹತ್ರ ತಗೊಂಡು ಹೋಗು" ಎಂದರು ಅಷ್ಟೆ.

ಕುಲುಮೆ ಆಗ ವಾರಕ್ಕೊಮ್ಮೆ ಹೊತ್ತಿಸುವ ಸ್ಥಿತಿಯಲ್ಲಿತ್ತು. ಮಗ ಬೆಂಗಳೂರಿನ ಪೀಣ್ಯದಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದ್ದ. ಆಚಾರ್ರು ಮಚ್ಚನ್ನು ತಿರುಗಿಸಿ ನೋಡಿ, ಅರ ತೆಗೆದುಕೊಂಡು ಬಾಯಿಯ ಮೇಲೆ ಒಮ್ಮೆ ಎಳೆದರು. ಅರ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಹದ ಇರುವ ಬಾಯಿಯ ಮೇಲೆ ಅರ ಜಾರಬೇಕು.

"ಇದಕ್ಕೆ ನೀರೇ ಕುಡಿಸಿಲ್ಲ ಕಣಪ್ಪ" ಎಂದರು.

"ನೀವು ಕುಡಿಸಿಕೊಡಿ" ಎಂದೆ.

"ಇದು ಕುಡಿಯೋ ಜಾತಿ ಅಲ್ಲ. ನಾನು ಏನು ಮಾಡಿದರೂ ಇದು ಹೀಗೇ" ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ಕೇಳಿದರು, "ನೀನು ಏನು ಕೆಲಸ ಮಾಡೋದು ಬೆಂಗಳೂರಲ್ಲಿ?"

ತಿಳಿದ ಮಟ್ಟಿಗೆ ಹೇಳಿದೆ. ಅಂಗಡಿಯವರು ಯಾವ ಮಾಲು ಕೊಳ್ಳಬೇಕು ಅಂತ ಕಂಪ್ಯೂಟರ್ ತೋರಿಸುತ್ತದೆ, ಬೆಲೆ ತೋರಿಸುತ್ತದೆ, ತೂಕ ತೋರಿಸುತ್ತದೆ ಎಂದೆ.

"ಹದ ತೋರಿಸ್ತದಾ?" ಎಂದರು.

ಅವರು ಚುಚ್ಚಿ ಕೇಳಿದ್ದಲ್ಲ. ತೋರಿಸಿದರೂ ತೋರಿಸೀತು, ಇಷ್ಟು ದೊಡ್ಡ ವಿದ್ಯೆಯಲ್ಲವೆ, ಎಂಬ ಕುತೂಹಲದಿಂದ ಕೇಳಿದ್ದು. ಇಲ್ಲ ಎಂದೆ. ನಾವು ಆ ಕಾಲಮ್ ಇಟ್ಟಿರಲಿಲ್ಲ. ಗಡಸುತನವನ್ನು ಅಳೆಯಲು ಬರುವುದಿಲ್ಲ ಎಂದಲ್ಲ. ಅದಕ್ಕೆ ಯಂತ್ರವಿದೆ, ಅಂಕಿಯಿದೆ, ನಾನೇ ಕಾಲೇಜಿನ ಲ್ಯಾಬಿನಲ್ಲಿ ಅಳೆದಿದ್ದೇನೆ. ಯಾರೂ ಕೇಳಲಿಲ್ಲ, ಆದ್ದರಿಂದ ಇಡಲಿಲ್ಲ. ಗೊತ್ತಿದ್ದ ನಾನೂ ಬಾಯಿ ಬಿಡಲಿಲ್ಲ. ಪಟ್ಟಿಯಲ್ಲಿ ಬೆಲೆಯೊಂದೇ ಕಾಣುವಾಗ ನೀರು ಕುಡಿಸದ ಮಚ್ಚು ಮೇಲೆ ಬರುತ್ತದೆ, ಕುಡಿಸಿದ್ದು ಕೆಳಗೆ ಹೋಗುತ್ತದೆ. ಕೊಳ್ಳುವವನೂ ಮೋಸಹೋಗುತ್ತಾನೆ, ಮಾಡುವವನೂ ಕೆಡುತ್ತಾನೆ. ಮುಂದಿನ ಸಲ ಅವನೂ ಮೆದು ಕಬ್ಬಿಣಕ್ಕೇ ಇಳಿಯಬೇಕಾಗುತ್ತದೆ.

ಆಚಾರ್ರು ಈಗ ಇಲ್ಲ. ಅವರು ಹೋದ ಮೇಲೆ ಕುಲುಮೆಯ ಜಾಗದಲ್ಲಿ ಬೈಕ್ ನಿಲ್ಲಿಸುತ್ತಾರೆ. ಅಡಿಗಲ್ಲನ್ನು ಗುಜರಿಗೆ ಹಾಕಲು ಗೆಳೆಯನಿಗೆ ಮನಸ್ಸಾಗದೆ ಮನೆಯ ಹಿತ್ತಲಲ್ಲಿ ಇಟ್ಟಿದ್ದಾನೆ. ಅವನು ಇವತ್ತು ಈ ಸಭೆಗೆ ಬಂದಿದ್ದಾನೆ, ಹಿಂದೆ ನಿಂತಿದ್ದಾನೆ. ಅವನ ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಅವಳ ಹಾಜರಿ ತಪ್ಪುವುದಿಲ್ಲ. ಅದು ಸಂತೋಷದ ವಿಷಯ.

ಹಾಗಾದರೆ ಏನು ಮಾಡಬಹುದು? ಕುಲುಮೆಯನ್ನು ಮತ್ತೆ ಹೊತ್ತಿಸೋಣ ಎಂದು ಭಾಷಣದಲ್ಲಿ ಹೇಳುವುದು ಸುಲಭ. ತಿದಿ ಎಳೆಯುವವರು ನಾವಲ್ಲವಲ್ಲ. ಆದ್ದರಿಂದ ಕೈಲಾಗುವ ಮೂರು ಸಣ್ಣ ಕೆಲಸಗಳನ್ನು ಸಮಿತಿಯ ಮುಂದೆ ಇಡುತ್ತೇನೆ.

ಮೊದಲನೆಯದು, ಶಾಲೆಯ ಒಂದು ಕಪಾಟು. ಊರಿನ ಅಟ್ಟಗಳಲ್ಲಿ ಇನ್ನೂ ಗುಳ, ಬಾಚಿ, ಉಳಿ, ಎಲೆಗುದ್ದಲಿ, ಕಳೆಕೊಕ್ಕೆಗಳು ಇವೆ. ಮಕ್ಕಳು ಅವನ್ನು ತಂದು, ಅಳೆದು, ತೂಗಿ, ಚಿತ್ರ ಬರೆದು, ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ, ಯಾವ ಕೆಲಸಕ್ಕೆ, ಯಾವ ಕಬ್ಬಿಣ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ. ಅಳತೆಯ ಚಿತ್ರ ಬರೆಯುವುದನ್ನು ಕಲಿಸಲು ನಾನು ಬರುತ್ತೇನೆ. ನನ್ನ ಬಿ.ಇ. ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಎರಡನೆಯದು, ಹತ್ತನೇ ತರಗತಿಯ ವಿಜ್ಞಾನದಲ್ಲಿ ಲೋಹಗಳು ಮತ್ತು ಅಲೋಹಗಳು ಎಂಬ ಪಾಠವಿದೆ. ಆ ಪಾಠ ಬರುವ ವಾರ ತಾಲ್ಲೂಕಿನಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಕಮ್ಮಾರರೊಬ್ಬರನ್ನು ಶಾಲೆಗೆ ಕರೆಯೋಣ, ಅತಿಥಿ ಉಪನ್ಯಾಸಕರಿಗೆ ಕೊಡುವಂತೆ ಗೌರವಧನ ಕೊಟ್ಟು. ಬಣ್ಣ ಓಡುವುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ. ಕಿಡಿಯಿಂದ ದೂರ ಕೂರಿಸುವ ಜವಾಬ್ದಾರಿ ನಮ್ಮದು.

ಮೂರನೆಯದು, ಶಾಲೆಯ ಕೈತೋಟಕ್ಕೆ ಬೇಕಾದ ಗುದ್ದಲಿ, ಮಚ್ಚು, ಸಲಿಕೆಗಳನ್ನು ಅಂಥವರ ಕೈಯಲ್ಲೇ ಮಾಡಿಸೋಣ. ಖರ್ಚು ನಮ್ಮ ಬ್ಯಾಚಿನದು. ಜೊತೆಗೆ ಒಂದು ಮಾಹಿತಿ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರಿಕೆ ಇದೆ, ಸುತ್ತಿಗೆ ಮತ್ತು ಸಲಕರಣೆ ತಯಾರಿಕೆ ಬೇರೆಯಾಗಿಯೇ ಇದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಅದರಲ್ಲಿ ಸಿಗುತ್ತದೆ.  ಅರ್ಜಿ ಈಗ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ನೆರವಾಗುವುದು ನಮ್ಮಂಥವರು ಮಾಡಬಹುದಾದ ಕೆಲಸ. ಈ ಊರಿನಲ್ಲಿ, ಪಕ್ಕದ ಊರುಗಳಲ್ಲಿ ಯಾರಿಗೆ ಬೇಕೋ ಅವರಿಗೆ ಈ ಎರಡು ದಿನ ನಾನು ಇಲ್ಲೇ ಇರುತ್ತೇನೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಮುಂದೆ ಕಂಪ್ಯೂಟರ್ ಮುಂದೆ ಕೂರುತ್ತೀರಿ. ಯಾರಾದರೂ ನಿಮಗೆ ಒಂದು ಪಟ್ಟಿ ಮಾಡಲು ಹೇಳುತ್ತಾರೆ. ಆಗ ಅವರು ಹೇಳಿದ ಕಾಲಮ್‌ಗಳನ್ನು ಬರೆದ ಮೇಲೆ ಒಂದು ನಿಮಿಷ ನಿಲ್ಲಿ. ಯಾವುದು ಬಿಟ್ಟುಹೋಗಿದೆ ಎಂದು ನೋಡಿ, ಕಂಡರೆ ಬಾಯಿ ಬಿಟ್ಟು ಹೇಳಿ. ನಾನು ಹೇಳದೆ ಉಳಿದೆ.